ಸೊಸೆಯ ಮೇಜಿನ ಮೇಲೆ ಹಿರಿಮಗ

ಎರಡೇ ದಿನ ಇದ್ದು ಹೋಗುತ್ತೇನೆಂದು ಬರುವ ನೆಂಟರನ್ನೂ, ಎರಡೇ ದಿನದ ಕೆಲಸವೆಂದು ಬಿಚ್ಚುವ ಇಂಜಿನ್ನನ್ನೂ ನಂಬಬಾರದು. ನೆಂಟರಾದರೆ ನಾವು ಮುಖ ಸಣ್ಣ ಮಾಡಿದಾಗ ಅರ್ಥ ಮಾಡಿಕೊಂಡು ಚೀಲ ಎತ್ತುತ್ತಾರೆ. ಇಂಜಿನ್ನಿಗೆ ಅಷ್ಟು ಸೂಕ್ಷ್ಮ ಎಲ್ಲಿಂದ ಬರಬೇಕು?

ಆ ಮನೆಯ ಸೊಸೆ ಟೈಲರ್. ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕ ಒಂದು ಹೊಲಿಗೆ ಮಷೀನು, ಅದರ ಎದುರಿಗೆ ಬಟ್ಟೆ ಕತ್ತರಿಸುವ ದೊಡ್ಡ ಮೇಜು. ಅವಳ ಅಂಗಡಿಯೆಂದರೆ ಇಷ್ಟೇ. ಮೇಜು ಯಾವುದೋ ಶಾಲೆ ಮುಚ್ಚಿದಾಗ ಮಾವ ಹರಾಜಿನಲ್ಲಿ ಕೂಗಿ ತಂದದ್ದು. ಅವಳು ಮದುವೆಯಾಗಿ ಬರುವ ಮೊದಲು ಅದರ ಮೇಲೆ ಗೊಬ್ಬರದ ಮೂಟೆ, ಹಳೇ ಪೇಪರು, ಮಧ್ಯಾಹ್ನದ ಹೊತ್ತು ಸ್ವತಃ ಮಾವ, ಹೀಗೆ ಯಾರು ಯಾರೋ ಮಲಗಿರುತ್ತಿದ್ದರು. ಅವಳು ಬಂದು ಅದನ್ನು ಉಜ್ಜಿ, ಒರೆಸಿ, ಮೇಲೆ ದಪ್ಪ ಕಾಗದ ಹಾಸಿ, ಕತ್ತರಿ ಹಿಡಿದು ನಿಂತಳು. ಅಂದಿನಿಂದ ಅರ್ಧ ಬೀದಿಯ ಮೈ ಮುಚ್ಚಿದ್ದು ಆ ಮೇಜೇ.

ಆದರೂ ಮನೆಯವರ ಬಾಯಲ್ಲಿ ಅದು ಬರೀ ಮೇಜು. ಮಾವನ ಲೆಕ್ಕದಲ್ಲಿ ಆ ಮನೆಯಲ್ಲಿ ಕೆಲಸ ಮಾಡುವವರು ಇಬ್ಬರೇ: ಒಬ್ಬರು ತಾವು, ಇನ್ನೊಂದು ಟ್ರಾಕ್ಟರು. ಮಗ ಕೈಜೋಡಿಸುತ್ತಾನೆ, ಹೆಂಡತಿ ಬೇಯಿಸಿ ಹಾಕುತ್ತಾಳೆ, ಸೊಸೆ ಏನೋ ಹೊಲಿಯುತ್ತಾಳೆ.

ಟ್ರಾಕ್ಟರಿಗೆ ಮಗನಿಗಿಂತ ವಯಸ್ಸು ಜಾಸ್ತಿ. ಮಾವ ಅದನ್ನು "ನನ್ನ ಹಿರಿಮಗ" ಎಂದೇ ಕರೆಯುತ್ತಿದ್ದುದು. ಹೀಗಾಗಿ ಸೊಸೆಯ ಗಂಡ ಒಬ್ಬನೇ ಮಗನಾಗಿ ಹುಟ್ಟಿಯೂ ಆ ಮನೆಯಲ್ಲಿ ಕಿರಿಮಗ. ಹಿರಿಮಗನಿಗೆ ಇತ್ತೀಚೆಗೆ ಒಂದು ರೋಗ ಅಂಟಿಕೊಂಡಿತ್ತು. ಶುರು ಮಾಡಿದರೆ ಸಾಕು, ತಲೆಯೊಳಗಿಂದ ಟಕ ಟಕ ಟಕ ಎಂದು ಯಾರೋ ಬಾಗಿಲು ಬಡಿದ ಹಾಗೆ ಸದ್ದು.

"ವಾಲ್ವ್ ಕಡೆ ಸದ್ದು ಅದು. ಇಂಜಿನ್ನಿನ ಹೆಡ್ ಬಿಚ್ಚಿ ನೋಡ್ಬೇಕು," ಎಂದ ಗಂಡ.

"ವಯಸ್ಸಾದವರು ಗೊಣಗ್ತಾರೆ. ಗೊಣಗಿದ್ರು ಅಂತ ಎದೆ ಬಗೀತಾರೇನೋ?" ಎಂದರು ಮಾವ.

"ಹಂಗಿದ್ದಿದ್ರೆ ನಿಮ್ಮನ್ನ ಯಾವತ್ತೋ ಬಿಚ್ಚಿ ನೋಡ್ಬೇಕಿತ್ತು," ಎಂದು ಅಡುಗೆಮನೆಯಿಂದ ಅತ್ತೆಯ ದನಿ ಬಂತು.

ಅಷ್ಟರಲ್ಲಿ ದೂರದ ನೆಂಟರ ಮದುವೆಗೆಂದು ಮಾವ ಒಬ್ಬರೇ ಹೊರಟರು. ಅವರ ಬಸ್ಸು ತಿರುವು ದಾಟುವುದನ್ನೇ ಕಾಯುತ್ತಿದ್ದ ಗಂಡ ಸ್ಪ್ಯಾನರ್ ಪೆಟ್ಟಿಗೆ ತೆಗೆದ. ಸಂಜೆಗೆ ಹಿರಿಮಗನ ತಲೆ ಬೋಳಾಗಿತ್ತು. ಬಿಚ್ಚಿದ್ದನ್ನು ಇಡಲು ಜಾಗ ಬೇಕು. ಕೊಟ್ಟಿಗೆಯಲ್ಲಿ ಹುಲ್ಲಿನ ಧೂಳು, ಅಂಗಳದಲ್ಲಿ ಕೋಳಿಗಳು.

"ಇಂಜಿನ್ನಿಗೆ ಧೂಳೇ ಶತ್ರು ಕಣೇ," ಎಂದು ಅವನು ಹೆಂಡತಿಯ ಹತ್ತಿರ ರಾಗ ಎಳೆದ. "ಈ ಮನೇಲಿ ಧೂಳಿಲ್ಲದ ಜಾಗ ಅಂತ ಇದ್ರೆ ಅದು ನಿನ್ನ ಮೇಜು ಒಂದೇ. ನಿನ್ನಷ್ಟು ನೀಟು ಯಾರಿದ್ದಾರೆ ಹೇಳು? ಎರಡೇ ದಿನ. ಅಪ್ಪ ಬರೋದ್ರೊಳಗೆ ಕೂರಿಸಿಬಿಡ್ತೀನಿ."

ಹೊಗಳಿಕೆಗೆ ಮರುಳಾದ ಸೊಸೆ ತಾನೇ ಪೇಪರು ಹಾಸಿಕೊಟ್ಟಳು. ಅವಳ ತಪ್ಪು ಅಲ್ಲಿಂದಲೇ ಶುರು.

ಮೇಜಿನ ನಡುವೆ ಕಬ್ಬಿಣದ ಕಲ್ಲುಬಂಡೆಯ ಹಾಗೆ ಹೆಡ್ಡು ಕೂತಿತು. ಪಕ್ಕದಲ್ಲಿ ಆರು ವಾಲ್ವು, ಅವುಗಳ ಸ್ಪ್ರಿಂಗು. ಆರು ಪುಶ್ ರಾಡುಗಳನ್ನು, ಅಂದರೆ ಕೆಳಗಿನಿಂದ ಮೇಲಕ್ಕೆ ತಳ್ಳುವ ಉದ್ದನೆಯ ಕಡ್ಡಿಗಳನ್ನು, ಗಂಡ ಒಂದು ಚಪ್ಪಲಿ ಡಬ್ಬಿಯ ಮುಚ್ಚಳಕ್ಕೆ ತೂತು ಮಾಡಿ ಸಾಲಾಗಿ ಚುಚ್ಚಿಟ್ಟ. ಅವುಗಳ ಎದುರಿಗೆ, ಸೀಸಾ ಆಡುವ ಹಲಗೆಯಂತೆ ಒಂದು ತುದಿ ಎದ್ದರೆ ಇನ್ನೊಂದು ತುದಿ ವಾಲ್ವನ್ನು ಒತ್ತುವ ಆರು ರಾಕರು, ಅವನ್ನು ಪೋಣಿಸುವ ಟೊಳ್ಳು ಶಾಫ್ಟು. "ಯಾವುದು ಎಲ್ಲಿತ್ತೋ ಅಲ್ಲಿಗೇ ಹೋಗ್ಬೇಕು. ಇಷ್ಟು ವರ್ಷ ಒಂದಕ್ಕೊಂದು ಉಜ್ಜಿ ಉಜ್ಜಿ ಹೊಂದ್ಕೊಂಡಿರುತ್ತವೆ. ಅದಲು ಬದಲಾದ್ರೆ ಸಂಸಾರ ಕೆಟ್ಟಂಗೆ," ಎಂದು ಹೆಂಡತಿಗೆ ಪಾಠ ಮಾಡಿದ.

ಮದುವೆಮನೆಯಲ್ಲಿ ಊಟದ ಸಾಲಿನಲ್ಲಿ ಸರಿಯಾದ ಜಾಗ ಕೊಡಲಿಲ್ಲವೆಂದು ಮುನಿಸಿಕೊಂಡ ಮಾವ ಒಂದು ದಿನ ಮೊದಲೇ ಬಂದುಬಿಟ್ಟರು. ಬಾಗಿಲಲ್ಲಿ ಚೀಲ ಹಿಡಿದೇ ನಿಂತರು.

"ಏನದು?"

"ಹೆಡ್ಡು," ಎಂದ ಗಂಡ.

"ಯಾವುದರದ್ದು?" ಎಂದರು ಮಾವ, ಮನೆಯಲ್ಲಿ ಹತ್ತಾರು ಟ್ರಾಕ್ಟರು ಕಟ್ಟಿಹಾಕಿದವರ ಹಾಗೆ.

ಆಮೇಲೆ ನಡೆದದ್ದನ್ನು ಬೀದಿಯ ಕೊನೆಯ ಮನೆಯವರೂ ಕೇಳಿಸಿಕೊಂಡರು. ಕೊನೆಗೆ ಮಾವ ಚೀಲ ನೆಲಕ್ಕೆ ಕುಕ್ಕಿ, "ಬಿಚ್ಚಿದವನೇ ಕಟ್ಟಲಿ. ನಾನು ಒಂದು ನಟ್ಟು ಮುಟ್ಟಲ್ಲ, ಒಂದು ಮಾತು ಹೇಳಲ್ಲ!" ಎಂದರು. "ನಾನೂ ಕೇಳಲ್ಲ!" ಎಂದ ಮಗ. ಇಬ್ಬರೂ ಮಾತಿಗೆ ತಪ್ಪದ ವಂಶದವರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ. ಇಲ್ಲಿ ಅಪ್ಪ ಮಗನ ಜಗಳದಲ್ಲಿ ಬಡವಾದದ್ದು ಮೇಜು.

ಮಗನಿಗೆ ಬಿಚ್ಚಲು ಗೊತ್ತು, ಜೋಡಿಸಲು ಧೈರ್ಯ ಸಾಲದು. ಅಪ್ಪನಿಗೆ ಜೋಡಿಸಲು ಗೊತ್ತು, ಮುಟ್ಟುವಂತಿಲ್ಲ. ಹೀಗಾಗಿ ದಿನಗಳು ವಾರಗಳಾದವು. ಅಡುಗೆಮನೆಯಲ್ಲಿ ನಾಲ್ಕು ಜನ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಊಟಕ್ಕೆ ಕೂತರೆ, ಮಾತೆಲ್ಲ ಸೊಸೆಯ ಮೂಲಕ ಹೋಗಬೇಕು.

"ಉಪ್ಪು ಕೊಡೋಕೆ ಹೇಳಮ್ಮ ನಿನ್ನ ಗಂಡನಿಗೆ."

"ಉಪ್ಪು ಕೊಡಬೇಕಂತೆ ರೀ."

"ಇಲ್ಲೇ ಇದೆ, ತಗೊಳ್ಳಲಿ ಅಂತ ಹೇಳು ನಿಮ್ಮ ಮಾವನಿಗೆ."

ಅಪ್ಪನ ಕೈಗೂ ಮಗನ ಪಕ್ಕದ ಉಪ್ಪಿನ ಬಟ್ಟಲಿಗೂ ನಡುವೆ ಒಂದು ಗೇಣು ಜಾಗವಿರಲಿಲ್ಲ. ಆದರೂ ಉಪ್ಪು ಸೊಸೆಯ ಕೈ ದಾಟಿಯೇ ಬಂತು.

ತಾಂತ್ರಿಕ ಸಲಹೆಗಳ ಕಥೆ ಇದಕ್ಕಿಂತ ಚೆಂದ. "ನಿನ್ನ ಗಂಡನಿಗೆ ನಾನೇನೂ ಹೇಳಲ್ಲಮ್ಮ. ಆದ್ರೆ ವಾಲ್ವ್ ಕಡ್ಡಿಗೆ ಎಣ್ಣೆ ಸವರದೆ ತೂರಿಸಿದ್ರೆ ಕಚ್ಚಿಕೊಂಡು ಕೂರುತ್ತೆ ಅಂತ ಯಾರೋ ಬಸ್ಸಲ್ಲಿ ಮಾತಾಡ್ಕೊಳ್ತಿದ್ರು." ಮಾರನೇ ದಿನ ಗಂಡ ಎಣ್ಣೆ ಡಬ್ಬಿ ತೆಗೆದು, ಯಾರೂ ಹೇಳದೆಯೇ ತನಗೇ ಹೊಳೆದವನ ಹಾಗೆ, ಒಂದೊಂದು ವಾಲ್ವಿಗೂ ಸವರಿ ಹೆಡ್ಡಿಗೆ ತೂರಿಸಿದ. ಸ್ಪ್ರಿಂಗು ಅದುಮಿ, ಅದು ಜಾರದಂತೆ ಹಿಡಿಯುವ ಉಗುರಿನಷ್ಟು ಪುಟ್ಟ ಲಾಕುಗಳನ್ನು ಕೂರಿಸುವಾಗ ಒಂದು ಲಾಕು ಟಪ್ ಎಂದು ಹಾರಿ ಮಾಯವಾಯಿತು. ಇಡೀ ಬೆಳಿಗ್ಗೆ ಅವನು ನೆಲದ ಮೇಲೆ ಅಂಬೆಗಾಲಿಟ್ಟ. ನೋಡಿ ನೋಡಿ ತಡೆಯಲಾರದೆ ಮಾವನೂ, "ಹುಡುಕೋದು ಅಂದ್ರೆ ಮುಟ್ಟಿದಂಗಲ್ಲ," ಎಂದು ಗೋಡೆಗೆ ತಿಳಿಸಿ ಇನ್ನೊಂದು ಕಡೆಯಿಂದ ಮೇಜಿನ ಕೆಳಗೆ ನುಗ್ಗಿದರು. ಕತ್ತಲಲ್ಲಿ ಎರಡು ಹಣೆ ಢಣ್ ಎಂದು ಡಿಕ್ಕಿ ಹೊಡೆದವು. ಇಬ್ಬರೂ ಹಲ್ಲು ಕಚ್ಚಿದರೇ ಹೊರತು ಒಬ್ಬರೂ ಬಾಯಿ ಬಿಡಲಿಲ್ಲ. ಲಾಕು ಸೊಸೆಯ ಗುಂಡಿ ಡಬ್ಬಿಯಲ್ಲಿ ಸಿಕ್ಕಿತು. ಇನ್ನೊಂದು ಸ್ವಲ್ಪ ಹೊತ್ತಾಗಿದ್ದರೆ ಅದನ್ನೂ ಯಾರದೋ ಅಂಗಿಗೆ ಹೊಲಿದು ಕೊಡುತ್ತಿದ್ದಳು.

ಈ ನಡುವೆಯೇ ಅವಳಿಗೆ ದೊಡ್ಡ ಆರ್ಡರು ಬಂತು. ಆಸ್ಪತ್ರೆಗೆ ಹೊಸದಾಗಿ ಸೇರಿದ ನರ್ಸುಗಳಿಗೆಲ್ಲ ಬಿಳಿ ಕೋಟು. ಬಟ್ಟೆಯ ಥಾನು, ಇಡೀ ಸುರುಳಿಯೇ, ಮನೆಗೆ ಬಂತು. ಅದುವರೆಗೆ ಬ್ಲೌಸು, ಪ್ಯಾಂಟಿನ ಅಂಚು, ದಿಂಬಿನ ಕವರು ಎಂದು ಹೊಲಿದುಕೊಂಡಿದ್ದವಳಿಗೆ ಇದು ಮೊದಲನೇ ದೊಡ್ಡ ಕೆಲಸ. ಇದು ಸರಿಹೋದರೆ ವರ್ಷ ವರ್ಷವೂ ಆಸ್ಪತ್ರೆ ಅವಳದ್ದೇ. ಮೇಜಿಲ್ಲದೆ ಅವಳು ನೆಲದ ಮೇಲೆ ಚಾಪೆ ಹಾಸಿ, ಮೊಣಕಾಲೂರಿ, ಬೆನ್ನು ಬಿಲ್ಲು ಮಾಡಿಕೊಂಡು ಕತ್ತರಿಸತೊಡಗಿದಳು. ನೆಲದ ಮೇಲೆ ಬಟ್ಟೆ ಸೊಟ್ಟ ಹೋಗುತ್ತದೆ. ಒಂದು ತೋಳು ಉದ್ದ, ಒಂದು ಗಿಡ್ಡ. ಅದರ ಮೇಲೆ ಯಾರೋ ದಾಟುವಾಗ ಬಿದ್ದ ಕಪ್ಪು ಹೆಬ್ಬೆರಳಿನ ಗುರುತು.

ಕೆಲಸ ಎಲ್ಲಿಗೆ ಬಂತೆಂದು ನೋಡಲು ಆಸ್ಪತ್ರೆಯ ಮೇಟ್ರನ್ ತಾವೇ ಬಂದರು. ಚಾಪೆಯ ಮೇಲಿನ ಬಿಳಿ ಬಟ್ಟೆ ನೋಡಿದರು, ಮೇಜಿನ ಮೇಲಿನ ಕರಿ ಹೆಡ್ಡು ನೋಡಿದರು.

"ಇದು ಟೈಲರಂಗಡಿನೋ ಗ್ಯಾರೇಜೋ?"

"ಇವತ್ತು ನಾಳೆಲಿ ತೆಗೀತಾರೆ ಮೇಡಂ."

"ಸೋಮವಾರ ನಮ್ಮ ಹುಡುಗಿಯರು ಡ್ಯೂಟಿಗೆ ನಿಲ್ತಾರೆ. ಅವತ್ತು ಕೋಟು ನನ್ನ ಕೈಲಿರ್ಬೇಕು. ಒಂದು ಎಣ್ಣೆ ಚುಕ್ಕಿ ಕಂಡ್ರೂ ತಗೊಳ್ಳಲ್ಲ. ಆಗಲ್ಲ ಅಂದ್ರೆ ಈಗ್ಲೇ ಹೇಳಿಬಿಡಿ, ಥಾನು ವಾಪಸ್ ತಗೊಂಡು ಹೋಗ್ತೀನಿ."

"ಆಗುತ್ತೆ ಮೇಡಂ," ಎಂದಳು ಸೊಸೆ. ಹೇಗೆ ಎಂದು ಅವಳಿಗೇ ಗೊತ್ತಿರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿಯೇಬಿಟ್ಟಳು. "ರೀ, ಮೇಜು ಯಾವಾಗ ಖಾಲಿಯಾಗುತ್ತೆ? ನನ್ನ ಆರ್ಡರ್ ಕೈತಪ್ಪಿ ಹೋಗುತ್ತೆ."

"ಆಗುತ್ತೆ ಕಣೇ, ಮುಂದಿನ ವಾರ."

"ಬರೀ ಮೇಜು ತಾನೇಮ್ಮ," ಎಂದರು ಮಾವ, ಸಮಾಧಾನ ಹೇಳುವ ದನಿಯಲ್ಲೇ. "ನೆಲದ ಮೇಲೆ ಹೊಲಿಯೋಕೇನು, ಕಾಲು ಚಾಚ್ಕೊಂಡು ಆರಾಮಾಗಿ ಹೊಲೀಬಹುದು. ಅಲ್ಲಿ ನೋಡು, ಹೊಲ ಉಳೋ ಕೆಲಸ ನಿಂತಿದೆ."

ಸೊಸೆ ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟಳು. ತನ್ನದೂ ಕೆಲಸ ಎಂದು ಇವರಿಗೆ ಯಾವತ್ತು ಅನ್ನಿಸುತ್ತದೋ ಎಂದು ಅಳುವೇ ಬಂತು. ಅತ್ತೆ ಅವಳ ಮುಖ ನೋಡಿದರು. ಊಟವಾದ ಮೇಲೆ, "ಒರೆಸೋಕೆ ಒಂದಿಷ್ಟು ಬಿಳಿ ಚಿಂದಿ ಇದ್ರೆ ಕೊಡೇ," ಎಂದರು. ಸೊಸೆ ಕತ್ತರಿಸಿ ಉಳಿದ ಚೂರುಗಳ ಒಂದು ಕಂತೆ ಕೊಟ್ಟಳು. ಯಾಕೆ ಎಂದು ಕೇಳಲಿಲ್ಲ.

ಅತ್ತೆಯ ಪ್ರಕಾರ ಜಗತ್ತಿನ ಎಲ್ಲ ಕಷ್ಟಕ್ಕೂ ಒಂದೇ ಮದ್ದು, ಪಾತ್ರೆ ತೊಳೆಯುವ ಸೋಪಿನ ಪುಡಿ. ಯಾವುದೋ ಹೆಂಗಸು ಬಂದು ತಮ್ಮ ಮನೆಯನ್ನು ಗ್ಯಾರೇಜು ಎಂದು ಹೋದದ್ದು ಅವರ ಎದೆಗೆ ನಾಟಿತ್ತು. ಅಂದು ಸಂಜೆ ಗಂಡ ಹೆಡ್ಡಿನಡಿ ಹಾಸುವ ಗ್ಯಾಸ್ಕೆಟ್ ತರಲು, ಮಾವ ಹೊಲದ ಕಡೆಗೆ, ಸೊಸೆ ಗುಂಡಿ ಕೊಳ್ಳಲು ಹೋಗಿದ್ದರು. ಮೂವರೂ ಹೆಚ್ಚು ಕಡಿಮೆ ಒಟ್ಟಿಗೇ ತಿರುಗಿ ಬಂದರೆ, ಹಿತ್ತಲಿನ ಪಾತ್ರೆ ಸ್ಟ್ಯಾಂಡಿನಲ್ಲಿ, ಸೌಟುಗಳ ಪಕ್ಕದಲ್ಲಿ ಆರು ಪುಶ್ ರಾಡುಗಳು ಫಳಫಳ ಹೊಳೆಯುತ್ತ ನಿಂತಿದ್ದವು. ಲೋಟಗಳ ನಡುವೆ ಆರು ರಾಕರು ಕವುಚಿ ಕೂತಿದ್ದವು. ಶಾಫ್ಟು ಹಗ್ಗದ ಮೇಲೆ ತೂಗುತ್ತಿತ್ತು.

"ಅಯ್ಯೋ!" ಎಂದರು ಅಪ್ಪ ಮಗ, ಒಂದೇ ಬಾಯಲ್ಲಿ. ಎಷ್ಟೋ ದಿನದ ಮೇಲೆ ಇಬ್ಬರೂ ಒಟ್ಟಿಗೆ ಆಡಿದ ಮೊದಲ ಮಾತು ಅದು. ಕೂಡಲೇ ತಪ್ಪಿನ ಅರಿವಾಗಿ ಒಬ್ಬರು ಆಕಾಶ ನೋಡಿದರು, ಇನ್ನೊಬ್ಬ ನೆಲ ನೋಡಿದ.

"ಅಮ್ಮ, ಆ ಡಬ್ಬಿ ಮುಚ್ಚಳ ಎಲ್ಲಿ? ಸಾಲಾಗಿ ಚುಚ್ಚಿಟ್ಟಿದ್ನಲ್ಲ?"

"ಅದಾ? ಎಣ್ಣೆ ಕುಡಿದಿತ್ತು. ಸ್ನಾನದ ಒಲೆಗೆ ಹಾಕಿದೆ, ಚೆನ್ನಾಗಿ ಉರೀತು."

"ಯಾವುದು ಎಲ್ಲಿಯದ್ದು ಅಂತ ಈಗ ಹೇಗೆ ಗೊತ್ತಾಗೋದು?"

"ಎಲ್ಲಾ ಒಂದೇ ಥರ ಇವೆಯಲ್ಲೋ! ನಾನು ಬೇರೆ ಉದ್ದ ನೋಡಿ ಜೋಡಿಸಿಟ್ಟಿದ್ದೀನಿ."

ನೀರು ಕಂಡ ಕಬ್ಬಿಣ ಸುಮ್ಮನಿರುತ್ತದೆಯೇ? ಬೆಳಿಗ್ಗೆ ಎದ್ದು ನೋಡಿದರೆ ಎಲ್ಲದರ ಮೈಮೇಲೂ ಕೆಂಪಗೆ ತುಕ್ಕಿನ ಪುಡಿ. "ಒಣ ಒಣ ಇಟ್ರೆ ಹಿಂಗೇ ಆಗೋದು, ಎಣ್ಣೆ ಇರ್ಬೇಕು," ಎಂದು ಮಗ ತಲೆ ಚಚ್ಚಿಕೊಂಡದ್ದನ್ನು ಅತ್ತೆ ಕೇಳಿಸಿಕೊಂಡರು. ಮಾಡಿದ ತಪ್ಪಿಗೆ ಪ್ರಾಯಶ್ಚಿತ್ತ ಬೇಡವೇ? ಅವನು ಟೀ ಕುಡಿದು ಬರುವಷ್ಟರಲ್ಲಿ ಒಂದೊಂದನ್ನೂ ಕೂಸಿಗೆ ಎಣ್ಣೆ ಹಚ್ಚಿದ ಹಾಗೆ ತಿಕ್ಕಿ ಮಲಗಿಸಿದ್ದರು. ಅಡುಗೆ ಎಣ್ಣೆ.

"ಎಣ್ಣೆ ಅಂದ್ರೆ ಎಣ್ಣೆ," ಎಂಬುದು ಅವರ ವಾದ.

ಮಾವನಿಗೆ ತಡೆಯಲಾಗಲಿಲ್ಲ. ತಲೆ ಎತ್ತಿ ಮನೆಯ ಸೂರಿಗೆ ಹೇಳಿದರು: "ಅಡುಗೆ ಎಣ್ಣೆ ಕಾದು ಕಾದು ಗೋಂದಾಗುತ್ತೆ. ನಮ್ಮನೆ ಬಾಣಲೆ ತಳ ನೋಡಿದವರಿಗೆ ಯಾರಿಗಾದ್ರೂ ಗೊತ್ತು."

ಅತ್ತೆ ಎಣ್ಣೆ ಬಟ್ಟಲನ್ನು ನೆಲಕ್ಕೆ ಕುಕ್ಕಿದರು.

"ಏನಂದ್ರಿ? ನನ್ನ ಬಾಣಲೆ ತಳಕ್ಕೆ ಏನಾಗಿದೆ?" ಎಂದರು ಅತ್ತೆ. ಉತ್ತರಕ್ಕೂ ಕಾಯಲಿಲ್ಲ. "ನೋಡೇ, ನಿಮ್ಮ ಮಾವನಿಗೆ ಹೇಳು. ಇನ್ಮೇಲೆ ನನ್ನ ಹತ್ರ ಮಾತಾಡೋದು ಬೇಡ ಅಂತ."

"ನಿಮ್ಮತ್ತೆಗೆ ಹೇಳಮ್ಮ, ನಾನು ಮಾತಾಡಿದ್ದು ಸೂರಿನ ಹತ್ರ ಅಂತ."

"ಲೇ, ಅಮ್ಮನಿಗೆ ಹೇಳು, ನನಗೆ ಡೀಸೆಲ್ ಬೇಕು ಅಂತ, ಇದನ್ನೆಲ್ಲ ಮತ್ತೆ ತೊಳೀಬೇಕು. ಅಪ್ಪನಿಗೆ ಹೇಳು..." ಎಂದು ಗಂಡನೂ ಶುರು ಮಾಡಿದ.

ಸೊಸೆ ಕೈಯಲ್ಲಿದ್ದ ಕತ್ತರಿಯನ್ನು ನೆಲಕ್ಕಿಟ್ಟಳು. ನೆಲದ ಮೇಲೆ ಕೂತು ಕೂತು ಮರಗಟ್ಟಿದ ಸೊಂಟಕ್ಕೆ ಕೈ ಕೊಟ್ಟು ಮೇಲೆದ್ದಳು.

"ಇವತ್ತಿಂದ ನಾನು ಟಪಾಲು ಹೊರಲ್ಲ. ಅತ್ತೆ, ಮಾವ, ನೀವೂ ಕೇಳಿಸ್ಕೊಳ್ಳಿ ರೀ. ಉಪ್ಪು ಬೇಕಾದವರು ಉಪ್ಪು ಕೇಳಿ, ಸ್ಪ್ಯಾನರ್ ಬೇಕಾದವರು ಸ್ಪ್ಯಾನರ್ ಕೇಳಿ. ಈ ಮೇಜು ಖಾಲಿಯಾಗೋವರೆಗೂ ಯಾರ ಮಾತೂ ಯಾರಿಗೂ ಮುಟ್ಟಿಸಲ್ಲ."

ಮೂವರೂ ಬೆಪ್ಪಾದರು. ಮೆತ್ತಗಿದ್ದವಳು ಹೀಗೆ ನೆಟ್ಟಗಾಗುವಳೆಂದು ಯಾರೂ ಎಣಿಸಿರಲಿಲ್ಲ. ಅಂದು ಮಧ್ಯಾಹ್ನದ ಊಟ ಸನ್ನೆಯಲ್ಲೇ ನಡೆಯಿತು. ಮಾವ ಉಪ್ಪಿಗೆಂದು ಬೆರಳಾಡಿಸಿದರೆ ಅತ್ತೆ ಸಕ್ಕರೆ ಡಬ್ಬಿ ತಂದಿಟ್ಟರು. ಬೇಕೆಂದೇ ತಂದರು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಊಟವಾದ ಮೇಲೆ ಗಂಡ ಡೀಸೆಲ್‌ನಲ್ಲಿ ತೊಳೆದ ಬಿಡಿಭಾಗಗಳನ್ನು ಮೇಜಿನ ಮೇಲೆ ಹರಡಿಕೊಂಡು ಪಿಳಿಪಿಳಿ ನೋಡುತ್ತ ಕೂತ. ಮಾವ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಪೇಪರು ಓದುವವರ ಹಾಗೆ ಕೂತರು. ತೆರೆದ ಬಾಗಿಲಿನಿಂದ ಒಂದು ಕೋಳಿ ಒಳಗೆ ಬಂದು ಇಬ್ಬರ ನಡುವೆ ನಿಂತಿತು. ಮಾವ ಅದನ್ನೇ ಹಿಡಿದುಕೊಂಡರು.

"ಕೋಳೀ, ರಾಡಿನ ತುದಿಯ ಬಟ್ಟಲಿನಂಥ ಕುಳಿ ನೋಡು. ಒಂದೊಂದು ಬಟ್ಟಲೂ ಒಂದೊಂದು ಥರ ಸವೆದಿರುತ್ತೆ. ರಾಕರಿನ ಗುಂಡು ತುದಿಗೆ ಇಟ್ಟು ತಿರುಗಿಸಿ ನೋಡಿದ್ರೆ ಜೋಡಿ ಸಿಗುತ್ತೆ."

"ಕೋಳೀ," ಎಂದ ಮಗ, "ನಾನೂ ಅದನ್ನೇ ಮಾಡ್ತಿದ್ದೀನಿ. ಸಿಗ್ತಿಲ್ಲ."

"ಕಣ್ಣಲ್ಲಿ ನೋಡಿದ್ರೆ ಸಿಗಲ್ಲ ಕೋಳಿ, ಬೆರಳಲ್ಲಿ ನೋಡ್ಬೇಕು."

"ಬೆರಳಲ್ಲೇ ನೋಡ್ತಿದ್ದೀನಿ ಕೋಳಿ!"

ಕೋಳಿ ಒಮ್ಮೆ ಇವರನ್ನು, ಒಮ್ಮೆ ಅವನನ್ನು ನೋಡಿತು. ಅದಕ್ಕೂ ಸಾಕಾಯಿತೆಂದು ಕಾಣುತ್ತದೆ. ನೆಲದ ಮೇಲೆ ತನ್ನ ಅಭಿಪ್ರಾಯ ಹಾಕಿ ಹೊರಗೆ ನಡೆಯಿತು. ಅದೇ ಹೊತ್ತಿಗೆ ಮಗ ಒಂದು ರಾಡನ್ನು ಬೇರೆ ರಾಕರಿಗೆ ಒತ್ತಿದ. ಮಾವ ಕುರ್ಚಿಯಿಂದ ಹಾರಿಬಿದ್ದರು.

"ಅದಲ್ಲ! ಅದಲ್ಲ ಕಣೋ ಕತ್ತೆ!"

"ಯಾರಿಗೆ ಹೇಳಿದ್ದು?"

"ಕೋಳಿ ಹೋಯ್ತಲ್ಲೋ! ನಿನಗೇ ಹೇಳಿದ್ದು!"

"ಹಾಗಾದ್ರೆ ನೀವೇ ಬಂದು ಮಾಡಿ!"

"ಮಾಡ್ತೀನಿ, ಸರಿ ಆಚೆ!"

ಅಡುಗೆಮನೆಯಲ್ಲಿದ್ದ ಸೊಸೆಗೆ ಆ ಕಿರುಚಾಟ ಸಂಗೀತದ ಹಾಗೆ ಕೇಳಿಸಿತು. ಬೈದಾಟವಾದರೂ ನೇರ ಮಾತಲ್ಲವೇ! ಅವಳು ಓಡಿಬಂದು, ಮಾವ ಜೋಡಿ ಹುಡುಕಿ ಕೊಟ್ಟ ಹಾಗೆ ಒಂದೊಂದು ಜೋಡಿಗೂ ಒಂದೊಂದು ಬಣ್ಣದ ದಾರ ಕಟ್ಟತೊಡಗಿದಳು. ಗಿರಾಕಿಗಳ ಬಟ್ಟೆ ಅದಲು ಬದಲಾಗದಂತೆ ದಿನವೂ ಮಾಡುವ ಕೆಲಸ ಅವಳಿಗದು. ಕೆಂಪು, ಹಸಿರು, ನೀಲಿ, ಹಳದಿ, ಕಪ್ಪು, ಗುಲಾಬಿ. ಹಿರಿಮಗನ ಎಲುಬುಗಳು ಮದುವೆಗೆ ಹೊರಟವರ ಹಾಗೆ ಕಂಡವು. ಗಂಡ ವಾಲ್ವಿನ ತುದಿಯ ಸವೆತಕ್ಕೆ ಹೋಲಿಸಿ, ರಾಕರುಗಳನ್ನು ಅವುಗಳ ಜಾಗಕ್ಕೆ ಸರಿಯಾಗಿ ಶಾಫ್ಟಿಗೆ ಪೋಣಿಸಿದ.

"ಶಾಫ್ಟಿನ ಎಣ್ಣೆ ತೂತು ನೋಡಿದ್ಯೇನೋ?" ಎಂದರು ಮಾವ.

"ಅಮ್ಮ ತೊಳೆದಿದ್ದಾಳಲ್ಲ ಅಪ್ಪ, ಕನ್ನಡಿ ಇದ್ದಂಗಿದೆ. ನೋಡೋದೇನು?"

ಅತ್ತೆಯ ತೊಳೆಯುವಿಕೆಯ ಬಗ್ಗೆ ಇನ್ನೊಂದು ಮಾತಾಡುವ ಧೈರ್ಯ ಮಾವನಿಗಿರಲಿಲ್ಲ. 

ಮಾರನೇ ಬೆಳಿಗ್ಗೆ ಅಪ್ಪ ಮಗ ಹೆಡ್ಡನ್ನು ಹೊತ್ತು ಅಂಗಳಕ್ಕೆ ಒಯ್ದರು. ಅವರ ಕಾಲು ಹೊಸ್ತಿಲು ದಾಟಿತೋ ಇಲ್ಲವೋ, ಸೊಸೆ ಮೇಜನ್ನು ಮೂರು ಸಲ ಒರೆಸಿ ಹೊಸ ಕಾಗದ ಹಾಸಿ ಬಿಳಿ ಥಾನನ್ನು ಉದ್ದಕ್ಕೂ ಬಿಚ್ಚಿದಳು. ಮತ್ತೆ ಯಾರೂ ಏನೂ ಇಡದಂತೆ ನಾಲ್ಕು ಮೂಲೆಗೂ ಭಾರ ಇಟ್ಟಳು. ಕತ್ತರಿ ಸರಾಗವಾಗಿ ಓಡಿತು. ಮಧ್ಯಾಹ್ನಕ್ಕೆ ಅರ್ಧದಷ್ಟು ಕೋಟುಗಳು ತೋಳು ಬೇರೆ, ಬೆನ್ನು ಬೇರೆಯಾಗಿ ಮೇಜು ತುಂಬ ಮಲಗಿದ್ದವು. ಆದರೆ ಅವಳ ಕಿವಿಯೆಲ್ಲ ಅಂಗಳದ ಕಡೆಗೇ. ಟ್ರಾಕ್ಟರು ಶುರುವಾಗಿ ಮತ್ತೆ ಟಕ ಟಕ ಎಂದರೆ ಹೆಡ್ಡು ಮತ್ತೆ ಇಳಿಯುತ್ತದೆ. ಇಳಿದರೆ ಎಲ್ಲಿಗೆ ಬರುತ್ತದೆಂದು ಹೇಳಬೇಕೇ?

ಅಂಗಳದಲ್ಲಿ ಮಾವ ಒಂದೊಂದು ರಾಡಿನ ದಾರ ಬಿಚ್ಚಿ, ಎರಡೂ ತುದಿಯನ್ನು ಇಂಜಿನ್ ಆಯಿಲ್‌ನಲ್ಲಿ ಅದ್ದಿ ಅದರದರ ತೂತಿಗೆ ಇಳಿಸುತ್ತಿದ್ದರು. ಸ್ಪ್ರಿಂಗಿನ ಮೇಲೆ ಎಣ್ಣೆ, ರಾಕರಿನ ಮೂತಿಗೆ ಎಣ್ಣೆ. "ಶುರುವಾದ ತಕ್ಷಣ ಕೆಳಗಿನ ಎಣ್ಣೆ ಮೇಲಕ್ಕೆ ಬಂದುಬಿಡಲ್ಲ ಕಣೋ. ಅಲ್ಲಿವರೆಗೂ ಒಂದನ್ನೊಂದು ತಿಂದುಹಾಕದಂಗೆ ಕಾಯೋದು ಈ ಎಣ್ಣೆನೇ." ಹನಿಗೊಂದು ಬೈಗುಳವೂ ಇತ್ತು. ಮಗ ಎರಡನ್ನೂ ಸಮನಾಗಿ ಸ್ವೀಕರಿಸಿದ.

ಕೊನೆಯದು ಸಂದು ಸರಿ ಮಾಡುವ ಕೆಲಸ. ವಾಲ್ವಿಗೂ ರಾಕರಿಗೂ ನಡುವೆ ಕೂದಲೆಳೆಯಷ್ಟು ಸಂದು ಬಿಡಬೇಕು. ಅದನ್ನು ಅಳೆಯಲು ಫೀಲರ್ ಗೇಜು ಎಂಬ ತೆಳು ಉಕ್ಕಿನ ಪಟ್ಟಿಯಿದೆ. ಅಪ್ಪನಿಗೆ ಮಗನ ಕೈ ಒರಟು, ಮಗನಿಗೆ ಅಪ್ಪನ ಕಣ್ಣು ಮಂಜು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುವುದನ್ನು ಕಂಡ ಸೊಸೆ, ಸೋಮವಾರವನ್ನು ನೆನೆದು ಹೊರಗೆ ಬಂದು ಪಟ್ಟಿಯನ್ನು ಕಸಿದುಕೊಂಡಳು.

"ಹೇಗಿರ್ಬೇಕು ಹೇಳಿ ಮಾವ."

"ಎಳೆದ್ರೆ ಬರ್ಬೇಕು, ಆದ್ರೆ ಮನಸ್ಸಿಲ್ಲದ ಮನಸ್ಸಿಂದ ಬರ್ಬೇಕು."

ಹೊಲಿಗೆ ಮಷೀನಿನ ಪಾದದಡಿ ಬಟ್ಟೆ ಎಳೆದು ಪಳಗಿದ ಬೆರಳಿಗೆ ಅದು ಕಷ್ಟವಾಗಲಿಲ್ಲ. ಮಾವ ಮುಂದೆ ಕೂತು ಇಂಜಿನ್ ತಿರುಗಿಸಿದರು, ಗಂಡ ನಟ್ಟು ಬಿಗಿದ, ಅವಳು ಪಟ್ಟಿ ಎಳೆದು ಹೂಂ ಅಂದಳು, ಉಹೂಂ ಅಂದಳು. ಅಷ್ಟು ಹೊತ್ತು ಯಾರೂ ಯಾರನ್ನೂ ಬೈಯಲಿಲ್ಲ.

ಮೇಲಿನ ಮುಚ್ಚಳ ಹಾಕದೆಯೇ ಶುರು ಮಾಡಿದರು. ಹಿರಿಮಗ ಕೆಮ್ಮಿ, ಹೊಗೆ ಉಗುಳಿ, ಎದ್ದ. ಎಲ್ಲರೂ ಬಗ್ಗಿ ರಾಕರುಗಳ ಮೇಲೆ ಎಣ್ಣೆ ಉಕ್ಕುವುದನ್ನು ಕಾದರು. ಕಾದರು. ಎಣ್ಣೆ ಬರಲಿಲ್ಲ. ಕೀಚ್ ಎಂದು ಒಂದು ರಾಕರು ಅತ್ತಿತು.

"ನಿಲ್ಸು! ನಿಲ್ಸು!" ಎಂದರು ಮಾವ.

ಗಂಡನ ಮುಖ ಕಪ್ಪಿಟ್ಟಿತು. "ಹೆಡ್ಡೊಳಗೇ ಎಣ್ಣೆ ದಾರಿ ಕಟ್ಟಿದೆ ಅಪ್ಪ. ಮತ್ತೆ ಇಳಿಸ್ಬೇಕು." ಮಾತಾಡುತ್ತಲೇ ರಾಕರುಗಳ ಸಮೇತ ಶಾಫ್ಟನ್ನು ಬಿಚ್ಚಿ ಎರಡೂ ಕೈಯಲ್ಲಿ ಎತ್ತಿಕೊಂಡ. ಅಭ್ಯಾಸಬಲ ನೋಡಿ, ಅವನ ಕಾಲು ತಾನಾಗಿಯೇ ಮುಂದಿನ ಕೋಣೆಯ ಕಡೆಗೆ ನಡೆಯಿತು. ಕರಿ ಎಣ್ಣೆ ತೊಟತೊಟ ತೊಟ್ಟಿಕ್ಕುತ್ತಿತ್ತು. ಮೇಜಿನ ಮೇಲೆ ಬಿಳಿ ಕೋಟುಗಳು ಬೆತ್ತಲೆ ಮಲಗಿದ್ದವು. ಸೊಸೆ ಕೂಗಲು ಬಾಯಿ ತೆರೆದಳು.

"ಏಯ್!"

ಗುಡುಗಿದ್ದು ಮಾವ. ಗಂಡ ಹೊಸ್ತಿಲಲ್ಲೇ ಕಲ್ಲಾದ.

"ಎಲ್ಲಿಗೋ ನುಗ್ತೀಯ? ಅಲ್ಲಿ ಕೆಲಸ ನಡೀತಿದೆ, ಕಣ್ಣು ಕಾಣಲ್ವಾ?"

ಹೇಳಿ ಮಾವ ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಜಗಲಿಯ ಕಲ್ಲಿನ ಮೇಲೆ ಹಾಸಿದರು. "ಇಲ್ಲಿಡು." ಮದುವೆಗೆಂದು ಕೊಂಡ ಹೊಸ ಟವೆಲು ಅದು. ಸೊಸೆ ಮಾವನ ಮುಖವನ್ನೇ ನೋಡಿದಳು. ತಾವೇನು ಹೇಳಿದೆವೆಂದು ಅವರಿಗೇ ಗಮನವಿರಲಿಲ್ಲ. ಅವಳಿಗೆ ಮಾತ್ರ ಕಣ್ಣು ತುಂಬಿತು.

"ಅಯ್ಯೋ, ಹೊಸ ಟವೆಲ್ಲು! ಅದನ್ನ ತೊಳೆಯೋರು ಯಾರು?" ಎಂದು ಅತ್ತೆ ಬಾಗಿಲಿಗೆ ಬಂದರು.

ಕಣ್ಣೊರೆಸಿಕೊಳ್ಳುವುದು ಕಾಣದಿರಲೆಂದು ಬಗ್ಗಿದ ಸೊಸೆಗೆ ಶಾಫ್ಟಿನ ತೂತಿನಲ್ಲಿ ಏನೋ ಕಂಡಿತು. ಒಂದು ದಾರದ ಎಳೆ. ಅವಳಿಗೆ ಆ ನೇಯ್ಗೆ ಚೆನ್ನಾಗಿ ಗೊತ್ತು, ಬೆಳಗಿನಿಂದ ಅದನ್ನೇ ಕತ್ತರಿಸುತ್ತಿದ್ದಳು. ಒಳಗಿನಿಂದ ಚಿಮಟ ತಂದಳು. ಗಂಡ ಶಾಫ್ಟಿನ ತುದಿಯ ಮುಚ್ಚಳ ಬಿಚ್ಚಿಕೊಟ್ಟ. ಎಳೆದರೆ ಬಂತು, ಬಂತು, ಬರುತ್ತಲೇ ಇತ್ತು. ಗೇಣುದ್ದದ ಚಿಂದಿ, ಎಣ್ಣೆ ಕುಡಿದು ಉಬ್ಬಿ ಕೊಳವೆಗೆ ಬಿರಡೆ ಹಾಕಿದ ಹಾಗೆ ಕೂತಿತ್ತು.

"ಅದು ಅಲ್ಲಿತ್ತಾ!" ಎಂದರು ಅತ್ತೆ. "ಒಳಗೂ ಉಜ್ಜೋಣ ಅಂತ ತೂರಿಸಿದೆ. ಎಳೆಯೋವಾಗ ತುಂಡಾಯ್ತು. ಆ ಕಡೆಯಿಂದ ಬಿದ್ದುಹೋಯ್ತು ಅಂದ್ಕೊಂಡೆ."

ಮಾವ ಬಾಯಿ ತೆರೆದರು. ಬಿಚ್ಚಿದ್ದು ಮಗ, ಚಿಂದಿ ಕೊಟ್ಟದ್ದು ಸೊಸೆ, ತೂರಿಸಿದ್ದು ಹೆಂಡತಿ. ಆದರೆ ತೂತು ನೋಡದೆ ಬಿಟ್ಟದ್ದು ತಾವು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಮಗ ಮೊದಲು ನಕ್ಕ. ಆಮೇಲೆ ಯಾರು ಯಾರನ್ನು ನೋಡಿ ನಕ್ಕರೋ, ನಾಲ್ವರೂ ಜಗಲಿ ಹಿಡಿದು ಕೂತರು.

ಎರಡನೇ ಸಲ ಶುರುವಾದಾಗ ರಾಕರುಗಳ ಬೆನ್ನ ಮೇಲೆ ಎಣ್ಣೆ ಜಿನುಗಿ, ಉಕ್ಕಿ, ಹೊಳೆಯುತ್ತ ಹರಿಯಿತು. ಟಕ ಟಕ ಎಲ್ಲಿಗೆ ಹೋಯಿತೋ. ಮಾವ ಕಿವಿಗೆ ಕೈ ಹಚ್ಚಿ ಬಹಳ ಹೊತ್ತು ಕೇಳಿದರು.

"ಪರವಾಗಿಲ್ಲ," ಎಂದರು ಮಗನಿಗೆ. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಯಾವತ್ತೂ ಇರಲಿಲ್ಲ. ಆಮೇಲೆ ಅಡುಗೆಮನೆಗೆ ಹೋಗಿ ಬಾಣಲೆಯನ್ನು ಎತ್ತಿ ತಿರುಗಿಸಿ, "ಮುಖ ಕಾಣುತ್ತಲ್ಲೇ ಇದರಲ್ಲಿ!" ಎಂದು ಹೆಂಡತಿಗೆ ಕೇಳುವಂತೆ ಹೇಳಿದರು. ಅಂದು ಅವರ ಪಾಲಿಗೆ ಎರಡು ಮೊಟ್ಟೆ ಹೆಚ್ಚು ಬಿತ್ತು.

ಸೋಮವಾರ ಮೇಟ್ರನ್ ಬಂದು ಒಂದೊಂದು ಕೋಟನ್ನೂ ಬೆಳಕಿಗೆ ಹಿಡಿದು ನೋಡಿದರು, ಮೂಸಿಯೂ ನೋಡಿದರು. "ಮುಂದಿನ ಸಲ ಡಾಕ್ಟರುಗಳದ್ದೂ ಕಳಿಸ್ತೀನಿ," ಎಂದು ಹೊತ್ತುಕೊಂಡು ಹೋದರು.

ಮಧ್ಯಾಹ್ನ ಹೊಲದಿಂದ ಬಂದ ಮಾವ ಮುಂದಿನ ಕೋಣೆಯ ಬಾಗಿಲಲ್ಲಿ ನಿಂತರು. ಮೇಜು ಖಾಲಿಯಾಗಿತ್ತು. ಸೊಸೆ ಪಕ್ಕದಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ಮಾವ ಒಂದು ಹೆಜ್ಜೆ ಒಳಗಿಟ್ಟರು, ಹಿಂದೆ ತೆಗೆದರು. ಗಂಟಲು ಸರಿ ಮಾಡಿಕೊಂಡರು.

"ಅಮ್ಮಾ, ಮುಖ ತೊಳ್ಕೊಂಡು ಬರ್ತೀನಿ. ಅಲ್ಲಿವರೆಗೂ ಈ ಕನ್ನಡಕ... ನಿನ್ನ ಮೇಜಿನ ಮೇಲೆ, ಒಂದು ಮೂಲೇಲಿ ಇಡ್ಲಾ?"

ಸೊಸೆ ತಲೆ ಎತ್ತಿ ಕನ್ನಡಕ ನೋಡಿದಳು. ಅದರ ಕಡ್ಡಿಯ ಮೇಲೆ ಕಪ್ಪಗೆ ಹೆಬ್ಬೆರಳಿನ ಗುರುತಿತ್ತು.

"ಎರಡೇ ನಿಮಿಷ," ಎಂದರು ಮಾವ.

"ಒರೆಸ್ಕೊಂಡು ಇಡಿ ಮಾವ," ಎಂದಳು ಸೊಸೆ.

ಮಾವ ಅಂಗಿಯ ತುದಿಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿ, ಇನ್ನೊಮ್ಮೆ ಒರೆಸಿ ಇಟ್ಟರು.